ಆರು ವರ್ಷದ ಮಗಳಿಗೆ ಮನೆಯಲ್ಲೇ ಪಾಠ, ಮೂರು ಹೊತ್ತು ಅಡುಗೆ: ಎರಡನ್ನೂ ಹೇಗೆ ನಿಭಾಯಿಸುತ್ತೀರಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಗಳಿಗೆ ಆರು ವರ್ಷ. ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಲು ಶುರು ಮಾಡಿ ಎರಡು ತಿಂಗಳಾಗಿದೆ. ಅರ್ಧ ದಿನ ಅಡುಗೆಮನೆಯಲ್ಲೇ ಕಳೆದುಹೋಗುತ್ತಿದೆ, ಪಾಠಕ್ಕೆ ಹೊತ್ತು ಸಿಗುತ್ತಿಲ್ಲ. ಹಾಗಾಗಿ ಅಡುಗೆಯನ್ನೇ ಪಾಠ ಮಾಡಿಬಿಟ್ಟರೆ ಹೇಗೆ ಅಂತ ಕೇಳಿದ್ದೀರಿ. ಅವಳು ಒಳಗೆ ಬಂದರೆ ಕೆಲಸ ದುಪ್ಪಟ್ಟಾಗುತ್ತದೆ ಅಂತಲೂ ಬರೆದಿದ್ದೀರಿ.

ಅಡುಗೆಯನ್ನು ಪಾಠ ಮಾಡುವ ಯೋಚನೆ ಬಿಟ್ಟುಬಿಡಿ. ನಾನು ಅದನ್ನು ಮಾಡಿ ಕೈ ಸುಟ್ಟುಕೊಂಡವನು.

ನನ್ನ ಮಗನಿಗೆ ಈಗ ಏಳೂವರೆ. ಹೆಂಡತಿ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆ. ನನ್ನದು ಮನೆಯಿಂದಲೇ ಅರ್ಧ ದಿನದ ಕೆಲಸ. ಹಾಗಾಗಿ ಪಾಠ, ಅಡುಗೆ ಎರಡೂ ನನ್ನ ಪಾಲಿಗೆ ಬಂದವು. ಶುರುವಿನಲ್ಲಿ ಫ್ರಿಜ್ ಬಾಗಿಲಿಗೆ ಒಂದು ವೇಳಾಪಟ್ಟಿ ಅಂಟಿಸಿದ್ದೆ. ಒಂಬತ್ತರಿಂದ ಹತ್ತು ಗಣಿತ, ಹತ್ತರಿಂದ ಹನ್ನೊಂದು ಓದು, ಹನ್ನೊಂದರಿಂದ ಹನ್ನೆರಡು ಪರಿಸರ. ಹನ್ನೆರಡಕ್ಕೆ ಒಲೆ ಹಚ್ಚುವುದು. ಒಂದು ವಾರವೂ ಅದು ನಡೆಯಲಿಲ್ಲ. ಹನ್ನೊಂದೂವರೆಗೆ ಅವನಿಗೆ ಹಸಿವು, ನನಗೆ ಸಿಟ್ಟು.

ಆಮೇಲೆ ಗೊತ್ತಾಯಿತು, ಆರು ವರ್ಷದ ಮಗುವಿಗೆ ಕೂರಿಸಿ ಹೇಳಿಕೊಡುವ ಪಾಠ ದಿನಕ್ಕೆ ಒಂದು ಗಂಟೆ ಧಾರಾಳ ಸಾಕು. ಅದೂ ಎರಡು ಮೂರು ತುಂಡಾಗಿ. ಶಾಲೆಯಲ್ಲಿ ಐದಾರು ಗಂಟೆ ಹಿಡಿಯುವುದು ಅಲ್ಲಿ ಅಷ್ಟೊಂದು ಮಕ್ಕಳಿರುವುದರಿಂದ. ಹಾಜರಿ, ಸಾಲು, ಒಬ್ಬೊಬ್ಬರದೂ ಮುಗಿಯುವ ತನಕ ಉಳಿದವರು ಕಾಯುವುದು, ಇದೆಲ್ಲ ಸೇರಿ. ನಿಮ್ಮ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅವಳಿಗೆ ತಿಳಿಯಿತೋ ಇಲ್ಲವೋ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ. ಸಮಯದ ಚಿಂತೆ ಅಲ್ಲಿಗೇ ಮುಕ್ಕಾಲು ಪಾಲು ಹೋಯಿತು ಅಲ್ವಾ?

ಇನ್ನು ಕೈ ಸುಟ್ಟುಕೊಂಡ ಕತೆ. ವೇಳಾಪಟ್ಟಿ ಕಿತ್ತ ಮೇಲೆ ನಿಮಗೆ ಬಂದ ಯೋಚನೆಯೇ ನನಗೂ ಬಂತು. ಮಗ ಹೇಗಿದ್ದರೂ ಅಡುಗೆಮನೆಯಲ್ಲೇ ಸುತ್ತುತ್ತಿರುತ್ತಾನೆ, ಅಲ್ಲೇ ಗಣಿತ ಹೇಳಿಕೊಡೋಣ ಅಂತ. ಅವನು ಅಕ್ಕಿ ಅಳೆಯುತ್ತಿದ್ದ. ಅಕ್ಕಿ ಮೇಲೆ ಅಂಗೈ ಆಡಿಸಿ ಲೋಟ ಸಮ ಮಾಡುತ್ತಿದ್ದ, ತುಂಬಾ ಶ್ರದ್ಧೆಯಿಂದ. ನಾನು ಶುರು ಮಾಡಿದೆ. "ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು. ಹಾಗಾದ್ರೆ ಮೂರು ಲೋಟಕ್ಕೆ ಎಷ್ಟು?" ಹೇಳಿದ. "ಒಂದೂವರೆ ಲೋಟಕ್ಕೆ?" ತಡವರಿಸಿದ. "ಅರ್ಧಕ್ಕೆ ಎಷ್ಟು ಹೇಳು, ಆಮೇಲೆ ಕೂಡಿಸು." ಅವನು ಲೋಟ ಕೆಳಗಿಟ್ಟ. "ಅಪ್ಪಾ, ಇದು ಅಡುಗೆನಾ, ಪಾಠನಾ?" ಅಂತ ಕೇಳಿದ. ಉತ್ತರಕ್ಕೂ ಕಾಯದೆ ಹೊರಗೆ ಹೋದ. ಆಮೇಲೆ ಸುಮಾರು ಎರಡು ವಾರ ಅಡುಗೆಮನೆ ಕಡೆ ತಲೆ ಹಾಕಲಿಲ್ಲ. ನೀರು ಬೇಕಾದರೆ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ.

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಅಕ್ಕಿ ಅಳೆಯುವುದು ಅವನಿಗೆ ನಿಜವಾದ ಕೆಲಸ, ದೊಡ್ಡವರ ಕೆಲಸ. ನಾನು ಅದನ್ನು ಪರೀಕ್ಷೆ ಮಾಡಿ ಕೂತಿದ್ದೆ.

ಮತ್ತೆ ಅವನನ್ನು ಒಳಗೆ ಕರೆತಂದದ್ದು ಒಂದು ಕೆಲಸ. ಕಾಳು ನೆನೆಹಾಕುವುದು. ನಮ್ಮಲ್ಲಿ ವಾರಕ್ಕೆ ಎರಡು ಮೂರು ದಿನ ಕಾಳು ಬೇಯುತ್ತದೆ. "ಇದು ಇನ್ನು ಮೇಲೆ ನಿನ್ನ ಕೆಲಸ, ನಾನು ನೆನಪಿಸಲ್ಲ" ಅಂದೆ. ಅಷ್ಟೇ ಹೇಳಿದ್ದು. ರಾತ್ರಿ ಊಟವಾದ ಮೇಲೆ ಸ್ಟೂಲ್ ಎಳೆದು ಹತ್ತಿ, ಗಾಜಿನ ಜಾಡಿಗೆ ಕಾಬೂಲಿ ಕಡಲೆ ಸುರಿದು, ಎರಡು ಸಲ ತೊಳೆದು, ನೀರು ತುಂಬಿಸಿ ಮುಚ್ಚಳ ಇಡುತ್ತಿದ್ದ. ಮೂರನೆಯ ದಿನವೋ ನಾಲ್ಕನೆಯ ದಿನವೋ ಬೆಳಿಗ್ಗೆ ಎದ್ದವನೇ ಜಾಡಿಯ ಮುಂದೆ ನಿಂತ. ರಾತ್ರಿ ಅರ್ಧದ ಕೆಳಗೆ ಇದ್ದ ಕಾಳು ಈಗ ಕುತ್ತಿಗೆಯ ಹತ್ತಿರ ಬಂದಿತ್ತು. ಮಾರನೆಯ ರಾತ್ರಿ ಜಾಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದ, ಕಾಳು ಎಲ್ಲಿತ್ತು ಅಂತ ಗುರುತಿಗೆ. ಬೆಳಿಗ್ಗೆ ಕೇಳಿದ, "ಒಳಗೆ ಗಾಳಿ ಹೋಗಿ ಊದಿದೆಯಾ, ನೀರು ಹೋಗಿದೆಯಾ?"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಕಷ್ಟಪಟ್ಟು ನುಂಗಿಕೊಂಡೆ. "ಗೊತ್ತು ಮಾಡೋದು ಹೇಗೆ?" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಗಾಳಿ ಹೋಗಿದ್ದರೆ ಭಾರ ಆಗಲ್ಲ ಅಂದ. ತಕ್ಕಡಿ ತೆಗೆದ. ಅಂದು ರಾತ್ರಿ 200 ಗ್ರಾಂ ತೂಗಿ ಹಾಕಿದ. ಬೆಳಿಗ್ಗೆ ನೀರು ಬಸಿದು ತೂಗಿದರೆ 400ಕ್ಕಿಂತ ಸ್ವಲ್ಪ ಜಾಸ್ತಿಯೇ ಇತ್ತು. ಅವನೇ "ಡಬಲ್!" ಅಂತ ಕೂಗಿದ. ಎರಡರ ಮಗ್ಗಿ ಬಾರದೆ ನಾವಿಬ್ಬರೂ ತಲೆ ಕೆಡಿಸಿಕೊಂಡಿದ್ದ ವಾರವದು.

ಅಡುಗೆಮನೆಯಲ್ಲಿ ಕಲಿಯುವುದು ಬೇಕಾದಷ್ಟಿದೆ. ಅದನ್ನು ಅವರ ಕೈಗೆ ನಾವು ಇಡಲು ಹೋಗಬಾರದು, ಅಷ್ಟೇ. ನಿಜವಾದ ಒಂದು ಕೆಲಸ ಕೊಟ್ಟು ಬಾಯಿ ಮುಚ್ಚಿಕೊಂಡಿರಬೇಕು. ಎರಡನೆಯದು ಬಹಳ ಕಷ್ಟ, ಅನುಭವದಿಂದ ಹೇಳುತ್ತೇನೆ. 1907ರಲ್ಲಿ ರೋಮ್‌ನಲ್ಲಿ ಮರಿಯಾ ಮಾಂಟೆಸ್ಸರಿ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದಾಗ, ನೀರು ಸುರಿಯುವುದು, ಊಟದ ಮೇಜು ಅಣಿ ಮಾಡುವುದು, ತೊಳೆಯುವುದು ಇವೆಲ್ಲ ಅಲ್ಲಿ ದಿನದ ಭಾಗವೇ ಆಗಿದ್ದವು. ಪಾತ್ರೆಗಳೂ ಆಟಿಕೆಯವಲ್ಲ, ಬಿದ್ದರೆ ಒಡೆಯುವ ನಿಜವಾದ ಗಾಜು, ಪಿಂಗಾಣಿ. ನಮ್ಮ ಮನೆಯಲ್ಲೂ ಎರಡು ಲೋಟ ಒಡೆದಿವೆ. ಒಂದನ್ನು ಒಡೆದದ್ದು ನಾನು.

ಬರೆಯುವುದರ ಕತೆ ಇನ್ನೂ ಚೆನ್ನಾಗಿದೆ. ಒಂದು ಸಂಜೆ ಅಮ್ಮ ಸುಸ್ತಾಗಿ ಬಂದಿದ್ದಾಳೆ ಅಂತ ಮಗ ಬೆಚ್ಚಗಿನ ಹಾಲಿಗೆ ಎರಡು ಚಮಚ ಸಕ್ಕರೆ ಕಲಸಿ ಕೊಟ್ಟ. ಅವಳು ಒಂದು ಗುಟುಕು ಕುಡಿದು, ಮುಖ ಒಂದು ಥರಾ ಮಾಡಿಕೊಂಡು, ಲೋಟ ನನ್ನ ಕೈಗೆ ಕೊಟ್ಟಳು. ಅದು ಉಪ್ಪು. ಎರಡೂ ಒಂದೇ ಥರದ ಡಬ್ಬಿ, ತಪ್ಪು ನನ್ನದೇ. ಮಗ ಅತ್ತ. ಅತ್ತು ಮುಗಿದ ಮೇಲೆ, ಡಬ್ಬಿಗಳ ಮೇಲೆ ಹೆಸರು ಬರೀತೀನಿ ಅಂದ. ಅಲ್ಲಿಯ ತನಕ ಪೆನ್ಸಿಲ್ ಹಿಡಿಸುವುದೇ ದೊಡ್ಡ ಯುದ್ಧವಾಗಿತ್ತು.

ಚೀಟಿಯ ಮೇಲೆ ದೊಡ್ಡದಾಗಿ ಬರೆದ, "ಉಪು". ಒತ್ತಿಲ್ಲ. ಪಕ್ಕದ ಡಬ್ಬಿಗೆ "ಸಕರೆ". ನಾನು ಸುಮ್ಮನೆ ಅಂಟಿಸಿಕೊಟ್ಟೆ. ಮೂರು ದಿನ ಹಾಗೇ ಇತ್ತು. ನಾಲ್ಕನೆಯ ದಿನ ಓದಿಕೊಂಡ, "ಉ-ಪು. ಉಪು." ಜೋರಾಗಿ ನಕ್ಕು, ಪೆನ್ಸಿಲ್ ತಂದು ಪು ಕೆಳಗೆ ಒತ್ತು ಸೇರಿಸಿದ. ಆಮೇಲೆ ನಾನೂ ಗಮನಿಸಿದೆ, ಅಡುಗೆಮನೆ ಪೂರ್ತಿ ಒತ್ತಕ್ಷರವೇ! ಅಕ್ಕಿ, ಹಿಟ್ಟು, ಎಣ್ಣೆ, ಬೆಣ್ಣೆ, ಮೊಟ್ಟೆ, ಈರುಳ್ಳಿ. ಬೆಳ್ಳುಳ್ಳಿಗಂತೂ ಎರಡು. ಪುಸ್ತಕದಲ್ಲಿ ಇಷ್ಟು ಒತ್ತು ಒಂದೇ ಪುಟದಲ್ಲಿ ಕೊಟ್ಟರೆ ಮಕ್ಕಳು ಪುಸ್ತಕ ಬಿಸಾಡುತ್ತಾರೆ.

ಆದರೆ ಎಲ್ಲವೂ ಒಲೆಯ ಮುಂದೆ ತಾನಾಗಿಯೇ ಬಂದುಬಿಡುತ್ತದೆ ಅನ್ನುವವರ ಮಾತು ನಂಬಬೇಡಿ. ನಮ್ಮಲ್ಲಿ ಓದು, ಕೂಡುವುದು ಕಳೆಯುವುದು ಕೂತು ಅಭ್ಯಾಸ ಮಾಡಿಯೇ ಬಂದದ್ದು. ಆಲೂಗಡ್ಡೆ ಬೇಯಲು ಇಪ್ಪತ್ತು ನಿಮಿಷ ಬೇಕಲ್ಲ, ಅದೇ ನಮ್ಮ ಪೀರಿಯಡ್. ಪಾತ್ರೆ ಒಲೆಯ ಮೇಲಿಟ್ಟು ಇಬ್ಬರೂ ಊಟದ ಮೇಜಿನ ಹತ್ತಿರ ಕೂರುತ್ತೇವೆ. ಬೆಂದಾಗ ಪುಸ್ತಕ ಮುಚ್ಚುತ್ತೇವೆ. ಆಗ ಅದು ಪಾಠ, ಪಾಠ ಅಂತಲೇ ಹೇಳುತ್ತೇನೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಅಡುಗೆಗೆ ಮುಂಚೆ ಒಂದು ಸಲ. ರಾತ್ರಿ ಮಲಗುವ ಮೊದಲು ನಾನು ಕತೆ ಓದುತ್ತೇನೆ. ಸಂಜೆ ಎರಡು ಗಂಟೆ ಆಟ, ಬೇರೆ ಮಕ್ಕಳ ಜೊತೆ. ಇದನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸುವುದಿಲ್ಲ. ಮನೆಯಲ್ಲಿ ಕಲಿಯುವ ಒಬ್ಬನೇ ಮಗುವಿಗೆ ಅಪ್ಪನ ಮುಖ ಬೇಗ ಬೇಜಾರಾಗುತ್ತದೆ.

ಅಡುಗೆಯ ಹೊರೆ ಇಳಿಸಲು ನಾನು ಮಾಡಿದ್ದು ಒಂದೇ. ಬಗೆಗಳನ್ನು ಕಡಿಮೆ ಮಾಡಿದೆ. ಅನ್ನ ಬೇಳೆ, ಕಾಳು, ತರಕಾರಿ ಸೂಪ್, ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ವಾರವಿಡೀ ಇವೇ ತಿರುಗಿ ಮುರುಗಿ ಬರುತ್ತವೆ. ಕಾಳು, ಆಲೂಗಡ್ಡೆ ಎರಡು ದಿನಕ್ಕಾಗುವಷ್ಟು ಒಟ್ಟಿಗೆ ಬೇಯಿಸಿ ಫ್ರಿಜ್‌ನಲ್ಲಿಡುತ್ತೇನೆ. ಇವತ್ತು ಸೂಪಿಗೆ ಹೋದ ಕಾಳೇ ನಾಳೆ ಈರುಳ್ಳಿ, ನಿಂಬೆರಸದ ಜೊತೆ ತಟ್ಟೆಗೆ ಬರುತ್ತದೆ. ದಿನಾ ಬೇರೆ ಬೇರೆ ರುಚಿ ಬೇಕು ಅನ್ನುವುದು ದೊಡ್ಡವರ ಚಟ. ಮಕ್ಕಳಿಗೆ ಗೊತ್ತಿರುವ ಊಟವೇ ಇಷ್ಟ. ನಮ್ಮಲ್ಲಿ "ಮತ್ತೆ ಸೂಪಾ?" ಅಂತ ಕೇಳುವುದು ನನ್ನ ಹೆಂಡತಿ ಮಾತ್ರ. ರಜೆಯ ದಿನ ಅಡುಗೆಮನೆ ಅವಳಿಗೆ ಬಿಟ್ಟುಕೊಡುತ್ತೇನೆ, ಆಗ ಹತ್ತು ಪಾತ್ರೆ ಸಿಂಕಿಗೆ ಬೀಳುತ್ತವೆ. ನಾನು ಮಾತಾಡದೆ ತೊಳೆಯುತ್ತೇನೆ.

ತಿನ್ನಿಸುವ ಜಗಳಕ್ಕೆ ಎಲೆನ್ ಸ್ಯಾಟರ್ ಅನ್ನುವ ಅಮೆರಿಕದ ಆಹಾರ ತಜ್ಞೆ ಹೇಳಿದ ಒಂದು ಕ್ರಮ ನಮಗೆ ಒಗ್ಗಿತು. ಏನು ಬಡಿಸಬೇಕು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ತೀರ್ಮಾನ. ತಿನ್ನಬೇಕಾ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ತೀರ್ಮಾನ. ಹೊಸ ತರಕಾರಿಯನ್ನು ಒಂದೆರಡು ಸಲ ಬೇಡ ಅಂದರೆ ಕೈಬಿಡಬೇಡಿ, ಕೆಲವು ಮಕ್ಕಳು ಒಪ್ಪಲು ಹತ್ತು ಹದಿನೈದು ಸಲ ತಟ್ಟೆಯಲ್ಲಿ ನೋಡಬೇಕಾಗುತ್ತದೆ. ಸುಮ್ನೆ ಒಂದು ತುಂಡು ಇಡಿ, ಮಾತಾಡಬೇಡಿ. ಇಲ್ಲೂ ಬಾಯಿ ಮುಚ್ಚಿಕೊಳ್ಳುವುದೇ ಕಷ್ಟ.

ಹುಷಾರಾಗಿರಬೇಕಾದ ಕೆಲವು ವಿಷಯ ಇವೆ. ನಿಮ್ಮ ಮಗಳಿಗೂ ಕಾಳಿನ ಕೆಲಸ ಕೊಡುವುದಾದರೆ ರಾಜ್ಮಾದಿಂದ ಶುರು ಮಾಡಬೇಡಿ. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಜಾಸ್ತಿ, ನಾಲ್ಕೈದು ಹಸಿ ಕಾಳು ತಿಂದರೂ ವಾಂತಿಯಾಗಬಹುದು. ಅದನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಚೆನ್ನಾಗಿ ಕುದಿಸಬೇಕು. ಸಣ್ಣ ಉರಿಯಲ್ಲಿ ಬೆಚ್ಚಗೆ ಇಟ್ಟರೆ ಸಾಲದು. ಮಿಕ್ಕ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಅದರಲ್ಲಿ ಉಳಿಯುವ ಬ್ಯಾಕ್ಟೀರಿಯಾ ಹೊರಗಿಟ್ಟರೆ ಬೆಳೆಯುತ್ತದೆ. ಹಸಿ ಮೊಟ್ಟೆ ಮುಟ್ಟಿದ ಕೈ ಸೋಪು ಹಾಕಿ ತೊಳೆಯಲಿ. ಬಾಣಲೆಯ ಹಿಡಿ ಯಾವಾಗಲೂ ಗೋಡೆಯ ಕಡೆಗೆ ತಿರುಗಿರಲಿ. ಚಾಕುವಿಗೆ ನಾವು ಬೆಣ್ಣೆ ಸವರುವ ಮೊಂಡು ಚಾಕು, ಬಾಳೆಹಣ್ಣಿನಿಂದ ಶುರು ಮಾಡಿದೆವು. ಆಮೇಲೆ ಬೆಂದ ಆಲೂಗಡ್ಡೆ. ಕುದಿಯುವ ನೀರು ಬಸಿಯುವುದು ಇವತ್ತಿಗೂ ನನ್ನ ಕೆಲಸವೇ.

ಕೊನೆಗೆ, ಕೆಲಸ ದುಪ್ಪಟ್ಟಾಗುತ್ತದೆ ಅಂದಿರಲ್ಲ, ಅದು ನಿಜ. ನಮಗೆ ಸುಮಾರು ಮೂರು ತಿಂಗಳು ಹಾಗೇ ಇತ್ತು. ನೆಲದ ತುಂಬ ನೀರು, ಅರ್ಧ ಗಂಟೆಯ ಕೆಲಸಕ್ಕೆ ಒಂದು ಗಂಟೆ. ತಾಳ್ಮೆ ಇಲ್ಲದ ದಿನ ನಾನು ಅವನಿಗೆ ಒಂದು ಆಡಿಯೋ ಕತೆ ಹಾಕಿಕೊಟ್ಟು ಬಾಗಿಲು ಮುಂದೆ ಮಾಡಿ ಒಬ್ಬನೇ ಅಡುಗೆ ಮಾಡುತ್ತಿದ್ದೆ. ಈಗಲೂ ಆಗಾಗ ಹಾಗೆ ಮಾಡುತ್ತೇನೆ, ಅದರಲ್ಲಿ ನಾಚಿಕೆ ಇಲ್ಲ. ನೀವೂ ಎಲ್ಲವನ್ನೂ ಒಟ್ಟಿಗೆ ಕಲಿಸಲು ಹೋಗಬೇಡಿ. ಅವಳಿಗೆ ಒಂದೇ ಒಂದು ಕೆಲಸ ಆರಿಸಿ. ಅವಳು ಮಾಡದಿದ್ದರೆ ಊಟದಲ್ಲಿ ನಿಜವಾಗಿಯೂ ಏನೋ ಕಡಿಮೆಯಾಗಬೇಕು, ಅಂಥ ಕೆಲಸ. ಮರೆತರೆ ನೀವು ಹಿಂದಿನಿಂದ ಹೋಗಿ ಮಾಡಿಡಬೇಡಿ.

ನಮ್ಮವನು ನಿನ್ನೆ ರಾತ್ರಿ ಕಾಳು ನೆನೆಹಾಕುವುದು ಮರೆತ. ಬೆಳಿಗ್ಗೆ ಖಾಲಿ ಜಾಡಿ ನೋಡಿ, ಬಿಸಿನೀರಲ್ಲಿ ಹಾಕಿದ್ರೆ ಬೇಗ ಊದುತ್ತಾ ಅಂತ ಕೇಳಿದ. ಹಾಕಿ ನೋಡು ಅಂದೆ. ಒಂದು ಜಾಡಿಗೆ ಬಿಸಿನೀರು ನಾನು ಸುರಿದೆ, ಇನ್ನೊಂದಕ್ಕೆ ತಣ್ಣೀರು ಅವನೇ ಹಾಕಿದ. ಎರಡಕ್ಕೂ ರಬ್ಬರ್ ಬ್ಯಾಂಡ್ ಬಿದ್ದಿದೆ. ಮಧ್ಯಾಹ್ನಕ್ಕೆ ಮೊಟ್ಟೆ ಬೇಯುತ್ತಿದೆ.