ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಡ್ರೈವರ್ ನೋಡಿ

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಐದಾರು ವರ್ಷದ ಅಸೆಂಬಲ್ಡ್ ಕಂಪ್ಯೂಟರ್ ಇದೆ, ವಿಂಡೋಸ್ 10. ಸ್ಲೋ ಆಯಿತೆಂದು ಹೋದ ತಿಂಗಳು ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದೆವು. ಅವತ್ತಿನಿಂದ ಪರದೆ ಮೇಲಿನ ಅಕ್ಷರಗಳೆಲ್ಲ ದಪ್ಪ ದಪ್ಪ ಕಾಣುತ್ತವೆ, ಮಗಳ ಪಿಯುಸಿ ವಿಡಿಯೊ ಪಾಠ ನಿಂತು ನಿಂತು ಓಡುತ್ತದೆ. ‘ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ’ ಅನ್ನುತ್ತಾರೆ. ನೆಟ್ ಹಾಕಿದರೆ ‘ನಿಮ್ಮ 14 ಡ್ರೈವರ್‌ಗಳು ಹಳೆಯವು’ ಎಂಬ ಬಾಕ್ಸ್ ಬಂದು ದುಡ್ಡು ಕೇಳುತ್ತದೆ. ಏನು ಮಾಡಲಿ?
– ಓದುಗರು, ಗಂಗಾವತಿ

ಉತ್ತರ: ಸದ್ಯಕ್ಕೆ ಎರಡಕ್ಕೂ ದುಡ್ಡು ಬಿಚ್ಚಬೇಡಿ. ತೊಂದರೆ ಶುರುವಾದದ್ದು ಫಾರ್ಮ್ಯಾಟ್ ಆದ ಮೇಲೆ ಅಂದರೆ, ಕಾರ್ಡ್ ಕೆಟ್ಟಿರುವುದಕ್ಕಿಂತ ಅದರ ಡ್ರೈವರ್, ಅಂದರೆ ಕಾರ್ಡಿನಿಂದ ಕೆಲಸ ಮಾಡಿಸಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್, ಹಾಕದೇ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಕಳ್ಳ ಸಿಕ್ಕಂತೆಯೇ. ಅಸಲಿ ಡ್ರೈವರ್ ಇಲ್ಲದಾಗ ವಿಂಡೋಸ್ ತಾತ್ಕಾಲಿಕವಾಗಿ ಇದನ್ನು ಹಾಕಿಕೊಂಡು ದಿನ ನೂಕುತ್ತದೆ. ವಿಡಿಯೊ ಓಡಿಸುವ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಪರದೆಗೆ ಸರಿಯಾದ ರೆಸಲ್ಯೂಷನ್ ಸಿಗುವುದಿಲ್ಲ. ನೀವು ಹೇಳಿದ ದಪ್ಪ ಅಕ್ಷರ, ನಿಂತು ಓಡುವ ಪಾಠ ಎರಡೂ ಇದರದೇ ಲಕ್ಷಣ.

ಚಿಪ್ ಯಾವ ಕಂಪನಿಯದು ಗೊತ್ತಿಲ್ಲವೇ? ಆ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ ‘ಡೀಟೇಲ್ಸ್’ ಟ್ಯಾಬ್‌ನಲ್ಲಿ ‘ಹಾರ್ಡ್‌ವೇರ್ ಐಡಿಸ್’ ಆರಿಸಿ. ‘ವಿಇಎನ್’ ಪಕ್ಕದಲ್ಲಿ 8086 ಇದ್ದರೆ ಇಂಟೆಲ್, 10ಡಿಇ ಇದ್ದರೆ ಎನ್‌ವಿಡಿಯಾ, 1002 ಇದ್ದರೆ ಎಎಂಡಿ.

ಈಗ ಆ ಬಾಕ್ಸಿನ ವಿಷಯ. ಅದನ್ನು ನಂಬಬೇಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಎಷ್ಟೋ ಡ್ರೈವರ್‌ಗಳಿಗೆ 21–6–2006 ಎಂಬ ದಿನಾಂಕ ಕಾಣುತ್ತದೆ. ವಿಂಡೋಸ್ ಜೊತೆಗೇ ಬರುವ ತನ್ನ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್ ಬೇಕೆಂದೇ ಆ ತಾರೀಖು ಹಾಕುತ್ತದೆ. ಕಂಪನಿಯ ಡ್ರೈವರ್ ಹಾಕಿದಾಗ ಅದೇ ಹೊಸದೆಂದು ಲೆಕ್ಕಕ್ಕೆ ಬರಲಿ ಎಂದು. ಅವು ಹಳೆಯವಲ್ಲ, ಬದಲಿಸಬೇಕಾಗಿಯೂ ಇಲ್ಲ. ದುಡ್ಡು ಕೇಳುವ ಸಾಫ್ಟ್‌ವೇರ್‌ಗೆ ಇಂಥ ತಾರೀಖು ಸಿಕ್ಕರೆ ಸಾಕು, ಹೆದರಿಸುವ ಪಟ್ಟಿ ಉದ್ದವಾಗುತ್ತದೆ. ಡ್ರೈವರ್‌ಗೆ ಯಾವ ಚಿಪ್ ಕಂಪನಿಯೂ ನಯಾ ಪೈಸೆ ಕೇಳುವುದಿಲ್ಲ.

ಮೊದಲು ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ‘ಆಪ್ಷನಲ್ ಅಪ್‌ಡೇಟ್ಸ್’ ಒಳಗೆ ‘ಡ್ರೈವರ್ ಅಪ್‌ಡೇಟ್ಸ್’ ನೋಡಿ. ಎಷ್ಟೋ ಸಲ ಬೇಕಾದದ್ದು ಅಲ್ಲೇ ಕೂತಿರುತ್ತದೆ. ಇಲ್ಲದಿದ್ದರೆ ಇಂಟೆಲ್, ಎನ್‌ವಿಡಿಯಾ ಅಥವಾ ಎಎಂಡಿಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಎನ್‌ವಿಡಿಯಾದ್ದು 500 ಎಂಬಿ ಮೀರುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಹಾಕುವುದಾದರೆ ದಿನದ ಡೇಟಾ ಎಷ್ಟು ಉಳಿದಿದೆ ನೋಡಿಕೊಳ್ಳಿ. ಜಿಟಿ 710ರಂಥ ಹಳೆಯ ಕಾರ್ಡ್ ಇದ್ದರೆ ತೀರಾ ಹೊಸ ಡ್ರೈವರ್ ಹುಡುಕಬೇಡಿ. ಆ ಪೀಳಿಗೆಯ ಕಾರ್ಡ್‌ಗಳಿಗೆ ಮಾಮೂಲಿ ಅಪ್‌ಡೇಟ್ ಕೊಡುವುದನ್ನು ಎನ್‌ವಿಡಿಯಾ 2021ರಲ್ಲೇ ನಿಲ್ಲಿಸಿದೆ. ತಾಣದಲ್ಲಿ ನಿಮ್ಮ ಮಾಡೆಲ್ ಆರಿಸಿದಾಗ ತೋರಿಸುವುದನ್ನೇ ಹಾಕಿ.

ಇನ್‌ಸ್ಟಾಲ್ ಆಗುವಾಗ ಪರದೆ ಮಿಣುಕುತ್ತದೆ, ಕೆಲವು ಕ್ಷಣ ಕಪ್ಪಾಗುತ್ತದೆ. ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಕಥೆ ನಿಮಗೇ ಗೊತ್ತು, ಯುಪಿಎಸ್ ಚಾರ್ಜ್ ಇದ್ದಾಗ ಈ ಕೆಲಸಕ್ಕೆ ಕೂರಿ. ಹೊಸ ಡ್ರೈವರ್ ಸರಿ ಬರದಿದ್ದರೆ, ಹಿಂದೆ ಸರಿಯಾದ ಡ್ರೈವರ್ ಇದ್ದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ವಾಪಸ್ ಹೋಗಬಹುದು.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮಾಮೂಲಿ ಉಚಿತ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ನಿಮ್ಮ ಪ್ರೊಸೆಸರ್‌ಗೆ 11 ಆಗುತ್ತದೆಯೇ ಎಂದು ಫಾರ್ಮ್ಯಾಟ್ ಮಾಡಿದವರನ್ನೇ ಕೇಳಿ.

ಡ್ರೈವರ್ ಹಾಕಿದ ಮೇಲೆ ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಹ್ಯಾಂಗ್ ಆದರೆ ದೋಷ ಬಿಸಿಯದು. ಗಂಗಾವತಿಯ ರೈಸ್ ಮಿಲ್‌ಗಳ ಹತ್ತಿರ ಮನೆಯಿದ್ದರಂತೂ ಫ್ಯಾನ್‌ಗೆ ಧೂಳು, ತೌಡು ಮೆತ್ತಿಕೊಂಡಿರುತ್ತದೆ. ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದು ಬ್ಲೋವರ್ ಹೊಡೆಯಿರಿ. ಇಷ್ಟಾದರೂ ‘ಬೇಸಿಕ್’ ಹೆಸರು ಹೋಗದಿದ್ದರೆ ಅಂಗಡಿಗೆ ಒಯ್ದು, ನಿಮ್ಮ ಕಾರ್ಡನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಿಮ್ಮೆದುರೇ ಪರೀಕ್ಷಿಸಲು ಹೇಳಿ. ಅಲ್ಲೂ ಓಡದಿದ್ದರೆ ಆಗ ಹೊಸ ಕಾರ್ಡಿನ ರೇಟು ಕೇಳಿ.