ಹೊಸ ಹಿಮದಲ್ಲಿ ಸ್ಕೀ ಯಾಕೆ ಹೂತುಹೋಗುತ್ತದೆ?

ಪ್ರಶ್ನೆ: ಉತ್ತರಾಖಂಡದ ಔಲಿಯಲ್ಲಿ, ಯಂತ್ರದಿಂದ ಹಿಮ ಒತ್ತಿ ಹದಮಾಡಿದ ಇಳಿಜಾರಿನಲ್ಲಿ ಸ್ಕೀಯಿಂಗ್ ಕಲಿತೆ. ಗುಲ್ಮಾರ್ಗ್‌ನ ಹೊಸ ಹಿಮದಲ್ಲಿ ಮಾತ್ರ ತಿರುಗುವಾಗಲೆಲ್ಲ ಮುಗ್ಗರಿಸುತ್ತೇನೆ. ಈ ವಾರಾಂತ್ಯ ಮತ್ತೆ ಹೊರಟಿದ್ದೇನೆ.
– ಓದುಗ, ಬೆಂಗಳೂರು

ಉತ್ತರ: ತಿರುವಿನ ಹೊರಬದಿಯ ಕಾಲಿಗೇ ಭಾರ ಹಾಕಿ ತಿರುಗುವ ಔಲಿಯ ಅಭ್ಯಾಸ ಇಲ್ಲಿ ಮುಳುವು. ಭಾರ ಬಿದ್ದ ಸ್ಕೀ ಹೂತುಕೊಳ್ಳುತ್ತದೆ, ಇನ್ನೊಂದು ತೇಲುತ್ತದೆ, ಎರಡೂ ಅಡ್ಡಾದಿಡ್ಡಿ. ಪಾದಗಳನ್ನು ಹತ್ತಿರ ತಂದು ಎರಡಕ್ಕೂ ಹೆಚ್ಚುಕಮ್ಮಿ ಸಮ ಭಾರ ಕೊಡಿ. ತುಸು ವೇಗ ಬೇಕು, ನಿಧಾನಿಸಿದಷ್ಟೂ ಮುಳುಗುತ್ತೀರಿ. ಹಿಂದಕ್ಕೆ ವಾಲಿದರೆ ತೊಡೆ ಸೋಲುತ್ತದೆ ಅಷ್ಟೇ. ಬಾಡಿಗೆಗೆ ನಡುವಿನಲ್ಲಿ 100 ಮಿ.ಮೀ. ಅಥವಾ ಹೆಚ್ಚು ಅಗಲದ ಸ್ಕೀ ಕೇಳಿ. ಕಳಚಿದ ಸ್ಕೀ ಸಾಮಾನ್ಯವಾಗಿ ನೀವು ಬಿದ್ದ ಜಾಗಕ್ಕಿಂತ ಮೇಲೆಯೇ ಹೂತಿರುತ್ತದೆ. ಕೋಲಿನಿಂದ ಅಡ್ಡಡ್ಡ ಗೀರುತ್ತಾ ಹುಡುಕಿ.

ಗೊಂಡೊಲಾದಲ್ಲಿ (ಕೇಬಲ್ ಕಾರ್) ಗುಲ್ಮಾರ್ಗ್‌ನ ಅಫರ್ವಾಟ್ ಬೆಟ್ಟ ಏರಿ ಹದಮಾಡದ ಕಡೆ ಇಳಿಯುವುದಾದರೆ ಅಂದಿನ ಹಿಮಕುಸಿತದ ಎಚ್ಚರಿಕೆ ಓದಿ, ಗೈಡ್ ಜೊತೆಗಿರಲಿ. ಟ್ರಾನ್ಸ್‌ಸೀವರ್ (ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಬೇಕು.