ಬೀಗ ಹಾಕಿ ಊರು ಬಿಡಬೇಡಿ

ಶಿರಸಿಯ ದೇವಿಕೆರೆ ಹತ್ತಿರ ಬೇಕರಿ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: 'ಮಳಿಗೆಗೆ 5 ವರ್ಷದ ಕರಾರು, ಮೊದಲ 3 ವರ್ಷ ಲಾಕ್-ಇನ್, ಅಂದ್ರೆ ಅಷ್ಟರೊಳಗೆ ಬಿಡೋ ಹಾಗಿಲ್ಲ. 16 ತಿಂಗಳಾಯ್ತು, ವ್ಯಾಪಾರ ಬಾಡಿಗೆಗೂ ಸಾಲುತ್ತಿಲ್ಲ. ಬಿಡ್ತೇನೆ ಅಂದ್ರೆ ಮಾಲೀಕರು ತಿಂಗಳಿಗೆ 22,000 ರೂಪಾಯಿಯಂತೆ ಉಳಿದ 20 ತಿಂಗಳದ್ದು ಪೂರಾ ಇಡು ಅಂತಾರೆ. ರಾತ್ರಿ ಸಾಮಾನು ತುಂಬಿಕೊಂಡು ಕುಮಟೆಗೆ ಹೋಗಿಬಿಟ್ಟರೆ ಏನಾಗುತ್ತೆ?'

ಸಂಪಾದಕರ ಉತ್ತರ:

ಹೋಗಬೇಡಿ. ಕೀಲಿ ನಿಮ್ಮ ಹತ್ತಿರ ಇರುವಷ್ಟು ದಿನ ಮಳಿಗೆಯೂ ನಿಮ್ಮ ವಶದಲ್ಲೇ ಇದೆ ಅಂತ ಮಾಲೀಕರು ವಾದಿಸಬಹುದು, ಬಾಡಿಗೆ ಬಾಕಿ ಏರುತ್ತಲೇ ಹೋಗುತ್ತದೆ. ಬಾಕಿ ಬಾಡಿಗೆಗೆ ದಾವೆ ಹಾಕಲು ಅವರಿಗೆ 3 ವರ್ಷ ಸಮಯವಿದೆ. ಕುಮಟೆ ಏನು ದೂರದ ಊರಲ್ಲ, ಅಲ್ವಾ?

ಹಾಗಂತ 4,40,000 ರೂಪಾಯಿ ಕೊಡಲೇಬೇಕು ಅಂತಲೂ ಅಲ್ಲ. ಮೊದಲು ಕರಾರುಪತ್ರ ತೆಗೆದು ನೋಡಿ. ನೋಟರಿ ಸೀಲು ಇದ್ದರೆ ರಿಜಿಸ್ಟರ್ ಆಗಿದೆ ಅಂತ ಬಹಳ ಜನ ತಿಳಿದುಕೊಂಡಿರುತ್ತಾರೆ. ಅದು ಬೇರೆ, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಕರಾರು ನೋಂದಣಿ ಆಗಲೇಬೇಕು. 11 ತಿಂಗಳ ಕರಾರು ಇಷ್ಟು ಬಳಕೆಗೆ ಬಂದಿದ್ದೇ ಈ ಕಾರಣಕ್ಕೆ. ನಿಮ್ಮದು ನೋಂದಣಿ ಆಗಿಲ್ಲದಿದ್ದರೆ ಅದು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಅಂತ ಲೆಕ್ಕ. ಸುಪ್ರೀಂ ಕೋರ್ಟ್ 2000ರಲ್ಲಿ ಇದನ್ನೇ ಹೇಳಿದೆ. ಅಂಥ ಬಾಡಿಗೆ ಮುಗಿಸಲು 106ನೇ ಕಲಂ ಕೇಳುವುದು 15 ದಿನದ ಲಿಖಿತ ನೋಟಿಸ್ ಅಷ್ಟೇ.

ನೋಂದಣಿ ಆಗಿದ್ದರೆ ಮಾಲೀಕರ ಮಾತು ಗಟ್ಟಿಯಾಗುತ್ತದೆ. ಲಾಕ್-ಇನ್ ಷರತ್ತನ್ನು ಕೋರ್ಟು ಸುಮ್ನೆ ಪಕ್ಕಕ್ಕಿಡುವುದಿಲ್ಲ. ಆದರೆ 1872ರ ಕರಾರು ಕಾಯ್ದೆಯ 74ನೇ ಕಲಂ ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ, ಕರಾರಿನಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ. ನೀವು ಬಿಟ್ಟ ಎರಡು ತಿಂಗಳಿಗೇ ಬೇರೆಯವರು ಬಂದು ಅದೇ ಬಾಡಿಗೆ ಕೊಡತೊಡಗಿದರೆ ಮಾಲೀಕರಿಗೆ 20 ತಿಂಗಳ ನಷ್ಟ ಎಲ್ಲಿಂದ ಬಂತು? ನಷ್ಟ ತಗ್ಗಿಸಲು ಅವರಿಗೆ ಏನು ದಾರಿ ಇತ್ತು ಎನ್ನುವುದನ್ನೂ 73ನೇ ಕಲಂ ಲೆಕ್ಕಕ್ಕೆ ತಗೊಳ್ಳುತ್ತದೆ.

ಅದಕ್ಕೇ ನನ್ನ ಮಾತು ಇಷ್ಟು: ಹೊಸ ಬಾಡಿಗೆದಾರರನ್ನು ನೀವೇ ಹುಡುಕಿ. ಮಳೆಗಾಲದಲ್ಲಿ ಶಿರಸಿಯಲ್ಲಿ ಹೊಸದಾಗಿ ಅಂಗಡಿ ಹಾಕುವವರು ಕಡಿಮೆ, ಚೌತಿ-ದೀಪಾವಳಿ ಹೊತ್ತಿಗೆ ಕೇಳುವವರು ಬರುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಎದುರಿಗಿದ್ದರಂತೂ ಮಾಲೀಕರೇ ಸಡಿಲವಾಗಬಹುದು. ಆ ಲೆಕ್ಕ ನೋಡಿ ನೋಟಿಸಿನ ತಾರೀಕು ಇಡಿ. ಬರುವವರ ಹೆಸರು, ಅವರು ಕೊಡಲು ಒಪ್ಪಿದ ಬಾಡಿಗೆ ಎರಡನ್ನೂ ಮಾಲೀಕರಿಗೆ ಬರೆದು ತಿಳಿಸಿ, ವಾಟ್ಸಾಪ್ ಆದರೂ ಸರಿ. ಬೇಡ ಅಂದರೆ ಆ ಉತ್ತರವನ್ನೂ ಅಳಿಸದೆ ಇಟ್ಟುಕೊಳ್ಳಿ. ಡಿಪಾಸಿಟ್ಟಿನಲ್ಲಿ ಎರಡು-ಮೂರು ತಿಂಗಳದ್ದು ಹಿಡಿದುಕೊಂಡು ಮುಗಿಸೋಣ ಅಂತ ನೀವೇ ಮೊದಲು ಹೇಳಿ. ಕೋರ್ಟಿಗೆ ಅಲೆಯುವುದಕ್ಕಿಂತ ಇಬ್ಬರಿಗೂ ಇದೇ ಅಗ್ಗ. ಮಾತು ಮುರಿದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ದಾವೆಗೆ ಮೊದಲೇ ರಾಜಿಗೆ ಕೂರಿಸುತ್ತಾರೆ.

ಮುಂದಿನ ತಾರೀಕಿನ ಚೆಕ್ ಕೊಟ್ಟಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಕೊಟ್ಟಿದ್ದರೆ ರಾಜಿಪತ್ರಕ್ಕೆ ಸಹಿ ಹಾಕುವ ಹೊತ್ತಿಗೇ ವಾಪಸ್ ತಗೊಳ್ಳಿ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು, ನೋಟಿಸ್ ಕೈಗೆ ಬಂದ 15 ದಿನದೊಳಗೆ ಹಣ ಕಟ್ಟಬೇಕಾಗುತ್ತದೆ.

ಕೀಲಿ ಕೊಡುವ ದಿನ ಮಾಲೀಕರನ್ನು ಮಳಿಗೆಗೇ ಕರೆಯಿರಿ. ಓವನ್ ಇದ್ದ ಜಾಗದ ಗೋಡೆಯ ಮಸಿ, ರ್‍ಯಾಕಿಗೆ ಕೊರೆದ ತೂತು, ಶಟರ್, ಹೆಸ್ಕಾಂ ಮೀಟರಿನ ರೀಡಿಂಗ್, ಎಲ್ಲವನ್ನೂ ವಿಡಿಯೋ ಮಾಡಿ. 'ಈ ದಿನ ಕೀಲಿ ಮತ್ತು ಮಳಿಗೆಯ ವಶ ಪಡೆದಿದ್ದೇನೆ, ಬಾಕಿ ಇಷ್ಟು' ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಕೀಲಿ ಮುಟ್ಟಲ್ಲ ಅಂತ ಹಟ ಹಿಡಿದರೆ ವಶ ತಗೊಳ್ಳಿ ಅಂತ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ, ರಸೀದಿ ಜೋಪಾನ ಮಾಡಿ. ನಗರಸಭೆಯ ವ್ಯಾಪಾರ ಪರವಾನಗಿ ನಿಮ್ಮ ಹೆಸರಲ್ಲಿದೆ, ಅದನ್ನೂ ಅದೇ ವಾರ ರದ್ದು ಮಾಡಿಸಿ. ಕರಾರಿನ ನಕಲು ನಮಗೆ ಕಳಿಸಿದರೆ ಲಾಕ್-ಇನ್ ಷರತ್ತಿನ ಸಾಲನ್ನು ವಕೀಲರಿಗೆ ತೋರಿಸಿ ಮತ್ತೆ ಬರೆಯುತ್ತೇನೆ.